ಊರಿನವರೇ ತೆಗೆದು ಊರಿನವರಿಗೆ ತೋರಿಸುವ ವಿಡಿಯೊ: ಕಲಿಕಾ ಗುಂಪು ಕಟ್ಟುವ ಬಗೆ

ಬೆಂಗಳೂರಿನ ಸುತ್ತಲಿನ ದೊಡ್ಡಬಳ್ಳಾಪುರ, ನೆಲಮಂಗಲ, ಹೊಸಕೋಟೆ ತಾಲ್ಲೂಕುಗಳ ರೈತರಿಗೆ ಜಿಕೆವಿಕೆಯ ಕೃಷಿ ವಿಶ್ವವಿದ್ಯಾನಿಲಯವಾಗಲಿ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಾಗಲಿ ದೂರದ ಮಾತಲ್ಲ. ನವೆಂಬರ್ ವೇಳೆಗೆ ಜಿಕೆವಿಕೆಯಲ್ಲಿ ನಡೆಯುವ ಕೃಷಿ ಮೇಳಕ್ಕೆ ಊರೂರಿನಿಂದ ಜನ ಬರುತ್ತಾರೆ. ಆದರೆ ಅಲ್ಲಿ ಕಂಡದ್ದನ್ನು ತಮ್ಮ ಹೊಲದಲ್ಲಿ ಮಾಡಿ ನೋಡುವ ಧೈರ್ಯ ಎಲ್ಲರಿಗೂ ಬರುವುದಿಲ್ಲ. ಆ ಧೈರ್ಯವನ್ನು ಕೊಡುವುದು ಪಕ್ಕದ ಹೊಲದವರ ಅನುಭವ. ಅದನ್ನು ಮೊಬೈಲ್ ಫೋನಿನಲ್ಲಿ ಹಿಡಿದು, ಹದಿನೈದಿಪ್ಪತ್ತು ಜನರ ಗುಂಪಿನಲ್ಲಿ ಕೂಡಿ ನೋಡುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಇದು ಹೊಸದಾಗಿ ಹುಟ್ಟಿದ ಕ್ರಮವಲ್ಲ. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ ಸಂಶೋಧನಾ ಯೋಜನೆಯಾಗಿ ಆರಂಭವಾಗಿ, ಮುಂದೆ ಡಿಜಿಟಲ್ ಗ್ರೀನ್ ಎಂಬ ಸ್ವತಂತ್ರ ಸಂಸ್ಥೆಯಾಗಿ ಬೆಳೆದ ಪ್ರಯತ್ನವು ಕರ್ನಾಟಕದ ಹಳ್ಳಿಗಳಲ್ಲೇ ಇದನ್ನು ಮೊದಲು ಪರೀಕ್ಷಿಸಿತು. ವಿಡಿಯೊದಲ್ಲಿರುವವರು ತಮ್ಮಂಥ ರೈತರೇ ಎಂಬುದು ನೋಡುವವರಿಗೆ ಬಹಳ ಮುಖ್ಯ ಎಂಬುದೂ, ವಿಡಿಯೊ ಹಚ್ಚಿ ಸುಮ್ಮನಿದ್ದರೆ ಸಾಲದು, ನಡುವೆ ನಿಲ್ಲಿಸಿ ಮಾತನಾಡಿಸುವ ಒಬ್ಬರು ಬೇಕು ಎಂಬುದೂ ಅಲ್ಲಿ ತಿಳಿದುಬಂದವು. ಈ ಎರಡನೆಯ ಮಾತನ್ನು ಮರೆತ ಗುಂಪು ಬೇಗನೆ ಕರಗಿಹೋಗುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಹೊಸ ಸಂಘವನ್ನು ಕಟ್ಟಲು ಹೋಗಬೇಡಿ. ಮಹಿಳಾ ಸ್ವಸಹಾಯ ಸಂಘವೋ ಹಾಲು ಉತ್ಪಾದಕರ ಸಹಕಾರ ಸಂಘವೋ ಊರಿನಲ್ಲಿ ಈಗಾಗಲೇ ಇದ್ದರೆ ಅದರ ಸದಸ್ಯರಿಂದಲೇ ಆರಂಭಿಸಿ. ಸಂಜೆ ಡೇರಿಗೆ ಹಾಲು ಹಾಕಿದ ನಂತರದ ಅರ್ಧ ಗಂಟೆ ಒಳ್ಳೆಯ ಹೊತ್ತು, ಏಕೆಂದರೆ ಹಸು ಸಾಕುವ ಹೆಣ್ಣುಮಕ್ಕಳು ಅಲ್ಲಿಗೆ ಹೇಗೂ ಬಂದಿರುತ್ತಾರೆ. ಗ್ರಾಮ ಪಂಚಾಯತಿಯ ಅರಿವು ಕೇಂದ್ರದಲ್ಲಿ ಜಾಗ ಸಿಕ್ಕರೆ ಮಳೆಗಾಲಕ್ಕೆ ಅನುಕೂಲ. ಸಣ್ಣ ಪ್ರೊಜೆಕ್ಟರ್ ಇದ್ದರೆ ಬಿಳಿ ಪಂಚೆಯೇ ಪರದೆಯಾಗುತ್ತದೆ.

ಮೊದಲ ವಿಡಿಯೊಗೆ ಖರ್ಚಿಲ್ಲದ, ಕೆಲವೇ ದಿನಗಳಲ್ಲಿ ಫಲ ಕಾಣುವ ಕೆಲಸವನ್ನೇ ಆರಿಸಿಕೊಳ್ಳಿ. ರಾಗಿ ಬೀಜದ ಮೊಳಕೆ ಪರೀಕ್ಷೆ ಇದಕ್ಕೆ ತಕ್ಕದ್ದು. ಮನೆಯಲ್ಲಿ ಕಾದಿಟ್ಟ ಬೀಜದಿಂದ ಆರಿಸದೆ ನೂರು ಕಾಳು ಎಣಿಸಿ, ಒದ್ದೆ ಬಟ್ಟೆಯಲ್ಲಿ ಸಾಲಾಗಿ ಹರಡಿ ಸುತ್ತಿ, ತೇವ ಆರದಂತೆ ಏಳೆಂಟು ದಿನ ನೆರಳಿನಲ್ಲಿಟ್ಟು, ಚೆನ್ನಾಗಿ ಮೊಳೆತವನ್ನು ಎಣಿಸಬೇಕು. ಪ್ರಮಾಣಿತ ರಾಗಿ ಬೀಜಕ್ಕೆ ನಿಗದಿಯಾದ ಕನಿಷ್ಠ ಮೊಳಕೆ ಶೇ 75. ಅದಕ್ಕಿಂತ ಕಡಿಮೆ ಬಂದರೆ ಬಿತ್ತನೆಗೆ ಮೊದಲೇ ರೈತ ಸಂಪರ್ಕ ಕೇಂದ್ರದಲ್ಲಿ ಬೇರೆ ಬೀಜ ವಿಚಾರಿಸಲು ಸಮಯವಿರುತ್ತದೆ. ಆದ್ದರಿಂದ ಈ ವಿಡಿಯೊವನ್ನು ಮೇ ತಿಂಗಳಲ್ಲೇ ತೋರಿಸಬೇಕು. ಬಿತ್ತನೆ ಮುಗಿದ ಮೇಲೆ ತೋರಿಸಿದ ಪಾಠ ಯಾರಿಗೂ ಬೇಕಾಗುವುದಿಲ್ಲ.

ಚಿತ್ರೀಕರಣವನ್ನು ಗಾಳಿ ಏಳುವ ಮುನ್ನ, ಬೆಳಿಗ್ಗೆ ಮಾಡಿ. ಫೋನನ್ನು ಅಡ್ಡಲಾಗಿ ಹಿಡಿದು, ಮುಖಕ್ಕಿಂತ ಹೆಚ್ಚಾಗಿ ಕೆಲಸ ಮಾಡುವ ಕೈಗಳನ್ನು ತೋರಿಸಿ. ಹೇಳುವವರು ಮನೆಯಲ್ಲಿ ಆಡುವ ಮಾತನ್ನೇ ಆಡಲಿ; ಪುಸ್ತಕದ ಭಾಷೆಗೆ ತಿದ್ದಬೇಡಿ. ಎಂಟು ನಿಮಿಷ ಸಾಕು. ತಗುಲಿದ ಖರ್ಚನ್ನೂ ಕೈಕೊಟ್ಟ ಸಂದರ್ಭವನ್ನೂ ಅವರು ತಾವಾಗಿಯೇ ಹೇಳಿದರೆ ಆ ಭಾಗವನ್ನು ಖಂಡಿತ ಉಳಿಸಿಕೊಳ್ಳಿ, ನೋಡುವವರು ನಂಬುವುದು ಅದನ್ನೇ.

ತೋರಿಸುವ ದಿನ ಗುಂಪನ್ನು ನಡೆಸುವವರು ಮೂರು ಕಡೆಯಾದರೂ ವಿಡಿಯೊ ನಿಲ್ಲಿಸಬೇಕು. "ಅಕ್ಕ, ನಿಮ್ಮ ಮನೇಲಿ ಬೀಜ ಹೆಂಗೆ ಇಟ್ಟಿದ್ದೀರಿ?" ಎಂಬಂಥ, ಉತ್ತರಿಸುವವರಿಗೆ ತಾವು ಬಲ್ಲದ್ದನ್ನು ಹೇಳಲು ಅವಕಾಶ ಕೊಡುವ ಪ್ರಶ್ನೆ ಕೇಳಿ. "ಅರ್ಥವಾಯಿತೇ?" ಎಂದು ಮಾತ್ರ ಕೇಳಬೇಡಿ, ಅದಕ್ಕೆ ಎಲ್ಲರೂ ತಲೆಯಾಡಿಸುತ್ತಾರೆ. ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದಾಗ ಊಹಿಸಿ ಹೇಳದೆ, ಎಲ್ಲರ ಎದುರಿನಲ್ಲೇ 1800-180-1551ಕ್ಕೆ ಕರೆ ಮಾಡಿ ಸ್ಪೀಕರ್ ಹಾಕಿ. ಕಿಸಾನ್ ಕಾಲ್ ಸೆಂಟರಿನ ಈ ಉಚಿತ ಸಂಖ್ಯೆಯಲ್ಲಿ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಕನ್ನಡದಲ್ಲೇ ಮಾತನಾಡಬಹುದು.

ಸಭೆಗಳ ನಡುವಿನ ದಿನಗಳಿಗೆ ವಾಟ್ಸ್‌ಆ್ಯಪ್ ಗುಂಪು ಸಾಕು. ಓದಲು ಬಾರದವರಿಗೆ ಧ್ವನಿ ಸಂದೇಶ ಕಳುಹಿಸಿ. ರೋಗ ತಗುಲಿದ ಗಿಡದ ಚಿತ್ರ ಕಳುಹಿಸುವಾಗ ಎಲೆಯ ಎರಡೂ ಬದಿ ಮತ್ತು ಇಡೀ ಗಿಡ ಕಾಣಬೇಕೆಂದು ಮೊದಲ ದಿನವೇ ಹೇಳಿಕೊಡಿ, ಏಕೆಂದರೆ ಹಲವು ಕೀಟಗಳು ಎಲೆಯ ಅಡಿಭಾಗದಲ್ಲಿರುತ್ತವೆ.

ಬೆಳೆ ಬಂದ ಮೇಲೆ ಕೃಷಿ ಮಾರಾಟ ವಾಹಿನಿ ಜಾಲತಾಣದ ಮಾರುಕಟ್ಟೆ ದರಗಳನ್ನು ಡೇರಿಯ ಹಲಗೆಯ ಮೇಲೆ ಬರೆಯುವ ಹೊಣೆಯನ್ನು ಒಬ್ಬರಿಗೆ ವಹಿಸಿ. ಗರಿಷ್ಠ ದರ ಆಯ್ದ ಕೆಲವು ಚೀಲಗಳಿಗಷ್ಟೇ ಸಿಕ್ಕಿರಬಹುದು. ಹೆಚ್ಚಿನ ಮಾಲು ಮಾರಾಟವಾದ ದರವನ್ನೇ ಲೆಕ್ಕಕ್ಕೆ ಹಿಡಿದು, ಅದರಲ್ಲಿ ಟೆಂಪೊ ಬಾಡಿಗೆ ಮತ್ತು ಹಮಾಲಿ ಕಳೆದು, ಹೊಲದ ಬಳಿಗೇ ಬಂದ ವ್ಯಾಪಾರಿ ಕೇಳಿದ ಬೆಲೆಯೊಂದಿಗೆ ಹೋಲಿಸಬೇಕು. ಹಲವರ ಮಾಲನ್ನು ಒಂದೇ ಟೆಂಪೊದಲ್ಲಿ ಕಳುಹಿಸಿದಾಗ ಬಾಡಿಗೆ ಹಂಚಿಹೋಗುತ್ತದೆ. ಗುಂಪಿನಿಂದ ಆಗುವ ನೇರವಾದ ಹಣದ ಲಾಭ ಇದೇ.

ಕೊನೆಯದಾಗಿ, ಇನ್ನೂರು ಪುಟದ ಒಂದು ನೋಟ್‌ಬುಕ್ ಇಡಿ. ಯಾರು ಏನನ್ನು ಮಾಡಿ ನೋಡಿದರು, ಎಷ್ಟು ಖರ್ಚಾಯಿತು, ಎಷ್ಟು ಕೈಗೆ ಬಂತು, ಯಾರು ನಡುವೆ ಬಿಟ್ಟರು, ಏಕೆ ಬಿಟ್ಟರು ಎಂಬುದನ್ನು ಅವರ ಒಪ್ಪಿಗೆ ಪಡೆದು ಬರೆದಿಡಿ. ಮುಂದಿನ ವಿಡಿಯೊದಲ್ಲಿ ಯಾರನ್ನು ಮಾತನಾಡಿಸಬೇಕೆಂಬುದನ್ನು ಆ ಪುಟಗಳನ್ನು ನೋಡಿ ಗುಂಪಿನವರೇ ತೀರ್ಮಾನಿಸಲಿ.