ಸಣ್ಣ ಹೊಂಡದ ಸಿಗಡಿಗೆ ಐಎಸ್‌ಒ 16741: ಚೀಟಿ, ಸೀಲು, ಲೆಕ್ಕ

ಕುಮಟಾ–ಅಂಕೋಲಾ ಕಡೆಯ ಸಣ್ಣ ಹೊಂಡದವರನ್ನು ಸೇರಿಸಿಕೊಂಡು ಐಎಸ್‌ಒ 16741 ಎಂಬ ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ ದಾಖಲೆ ಇಡುತ್ತೇವೆ ಎಂದಾಗ 'ಸಿಗಡಿಗೂ ಜಾತಕ ಬರೀತ್ರಾ?' ಎಂದು ನಕ್ಕವರೇ ಹೆಚ್ಚು. ಅರ್ಧ ಹೆಕ್ಟೇರಿನವರು ಪೆನ್ನು ಹಿಡಿಯುವುದಿಲ್ಲ, ಇದೆಲ್ಲ ದೊಡ್ಡ ಕಂಪನಿಗಳ ಕೆಲಸ ಎಂಬುದು ಖರೀದಿದಾರರ ಮಾತಾಗಿತ್ತು. ಈಗ ಫ್ರೀಜರ್‌ನಿಂದ ಯಾವ ಕಾರ್ಟನ್ ಎತ್ತಿ ಕೊಟ್ಟರೂ ಅದು ಯಾವ ಹೊಂಡದ್ದು, ಯಾವ ಹ್ಯಾಚರಿಯ (ಮರಿ ಮಾಡುವ ಕೇಂದ್ರದ) ಮರಿ, ಯಾವ ಬ್ಯಾಚಿನ ಫೀಡು ತಿಂದದ್ದು ಎಂದು ಅರ್ಧ ಗಂಟೆಯೊಳಗೆ ತೆಗೆದು ಇಡುತ್ತೇವೆ. ಕಂಪ್ಯೂಟರ್ ಇಟ್ಟುಕೊಂಡ ಕೆಲವು ಕಡೆ ಇದಕ್ಕೆ ದಿನವಿಡೀ ಹಿಡಿಯುವುದನ್ನು ನೋಡಿದ್ದೇನೆ.

ಮಾನದಂಡದ ಬಗ್ಗೆ ಎರಡೇ ಮಾತು. 2015ರ ಈ ದಾಖಲೆ ಸಾಕಿದ ಸಿಗಡಿ, ಏಡಿಗಳ ಜಾಡಿನ ಬಗ್ಗೆ, ಅಂದರೆ ಮಾಲು ಎಲ್ಲಿಂದ ಬಂದು ಎಲ್ಲಿಗೆ ಹೋಯಿತೆಂಬುದರ ಬಗ್ಗೆ ಹೇಳುತ್ತದೆ. ಯಾರು ಏನನ್ನು ಬರೆದಿಡಬೇಕು ಎಂದು ಹೇಳುತ್ತದೆಯೇ ಹೊರತು ಹೇಗೆ ಬರೆಯಬೇಕು ಎಂದು ಹೇಳುವುದಿಲ್ಲ. ಕಾಗದವೋ ಕಂಪ್ಯೂಟರೋ ನಿಮ್ಮಿಷ್ಟ. ಇದರ ಮೂಲ ಯುರೋಪಿನ ಟ್ರೇಸ್‌ಫಿಶ್ ಯೋಜನೆ. ಅದು ಕಂಪ್ಯೂಟರ್ ಜಾಲವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ನಮ್ಮ ಜನ ಹೆದರುವುದಕ್ಕೆ ಅದೂ ಒಂದು ಕಾರಣ. ಕಡ್ಡಾಯ, ಇದ್ದರೆ ಒಳ್ಳೆಯದು, ಐಚ್ಛಿಕ ಎಂದು ಮೂರು ದರ್ಜೆಯ ಮಾಹಿತಿ ಇದೆ. ಮೊದಲ ಬೆಳೆಗೆ ಕಡ್ಡಾಯದ್ದನ್ನು ಮಾತ್ರ ಹಿಡಿಯಿರಿ. ಮೂರನ್ನೂ ಒಟ್ಟಿಗೆ ತುಂಬಲು ಹೋದ ಗುಂಪುಗಳ ಪುಸ್ತಕ ಎರಡನೇ ತಿಂಗಳಿಗೇ ಖಾಲಿ ಬಿದ್ದಿರುತ್ತದೆ.

ಕೋಡು ಸಣ್ಣದಿರಬೇಕು. ನಮ್ಮದು ಊರಿನ ಎರಡಕ್ಷರ, ಸಾಕಣೆದಾರರ ಸಂಖ್ಯೆ, ಹೊಂಡದ ಸಂಖ್ಯೆ, ವರ್ಷ, ಬೆಳೆ, ಅಷ್ಟೇ: ಕಾಗ-14-2-24-1. ಒಂದು ಹೊಂಡ, ಒಂದು ಬೆಳೆ, ಒಂದು ಲಾಟ್. ಮಧ್ಯದಲ್ಲಿ ಪಾರ್ಶಿಯಲ್ ಹಾರ್ವೆಸ್ಟ್ ಮಾಡಿದರೆ (ಸ್ವಲ್ಪ ಮಾಲು ಮಾತ್ರ ಹಿಡಿದರೆ) ಕೊನೆಗೆ ಒಂದಕ್ಷರ ಸೇರಿಸುತ್ತೇವೆ. ಒಬ್ಬರದೇ ಎರಡು ಹೊಂಡವಾದರೂ ಲಾಟ್ ಬೇರೆಯೇ. ಇಲ್ಲಿ ಸಡಿಲ ಬಿಟ್ಟರೆ ರೆಸಿಡ್ಯೂ (ಔಷಧಿಯ ಉಳಿಕೆ) ಸಿಕ್ಕ ದಿನ ಒಂದು ಹೊಂಡದ ಬದಲು ಎಲ್ಲ ಹೊಂಡದ ಮಾಲನ್ನೂ ತಡೆಯುತ್ತಾರೆ.

ಎಲ್ಲರೂ ಎಡವುವುದು ಫೀಡಿನ ದಾಖಲೆಯಲ್ಲಿ. ದಿನಕ್ಕೆ ನಾಲ್ಕು ಹೊತ್ತು ಫೀಡು ಹಾಕುವವರಿಗೆ ಬ್ಯಾಚ್ ನಂಬರ್ ಬರೆಯಿರಿ ಎಂದರೆ ವಾರಕ್ಕೊಮ್ಮೆ ಒಂದೇ ಕೈಬರಹದಲ್ಲಿ, ಒಂದೇ ಶಾಯಿಯಲ್ಲಿ ತುಂಬಿಡುತ್ತಾರೆ. ಆಡಿಟರ್ ಅದನ್ನು ದೂರದಿಂದಲೇ ಗುರುತಿಸುತ್ತಾರೆ. ನಾವು ಬರೆಯುವುದನ್ನೇ ಬಿಟ್ಟೆವು. ಚೀಲದ ಬಾಯಿಯ ಹೊಲಿಗೆಯಲ್ಲಿ ಬ್ಯಾಚ್ ಚೀಟಿ ಇರುತ್ತದಲ್ಲ, ಚೀಲ ಬಿಚ್ಚಿದವರು ಅದನ್ನು ಕತ್ತರಿಸಿ ಹೊಂಡದ ಹೆಸರಿನ ತಂತಿಗೆ ಚುಚ್ಚಬೇಕು, ಮುಗಿಯಿತು. ಮೊದಲು ಸ್ಟೇಪ್ಲರ್ ಹೊಡೆದು ನೋಡಿದ್ದು. ಉಪ್ಪುಗಾಳಿಗೆ ಪಿನ್ನು ತುಕ್ಕು ಹಿಡಿದು ನಂಬರನ್ನೇ ತಿಂದುಹಾಕಿತು. ತಾಮ್ರದ ತಂತಿ ಸರಿಹೋಯಿತು. ಬರೆಯಲೇಬೇಕಾದ ಕಡೆ ಪೆನ್ಸಿಲ್. ಬಾಲ್‌ಪೆನ್ನು ಒದ್ದೆ ಕಾಗದದ ಮೇಲೆ ಓಡುವುದಿಲ್ಲ, ಜೆಲ್ ಪೆನ್ನು ಹರಡಿಹೋಗುತ್ತದೆ.

ಚೀಟಿಯಿಂದ ಇನ್ನೊಂದು ಲಾಭ ಸಿಕ್ಕಿತು, ಅದೇ ನಮ್ಮ ಪದ್ಧತಿಯ ಬೆನ್ನೆಲುಬು. ಲೆಕ್ಕ ನೋಡಿ: 5,000 ಚದರ ಮೀಟರ್ ಹೊಂಡಕ್ಕೆ ಚದರ ಮೀಟರಿಗೆ 30ರಂತೆ ಒಂದೂವರೆ ಲಕ್ಷ ಮರಿ. ಕರಾವಳಿ ಜಲಕೃಷಿ ಪ್ರಾಧಿಕಾರದ ಮಿತಿ 60, ನಮ್ಮ ನೀರಿಗೆ 30 ಸಾಕು. ನೂರಕ್ಕೆ 80 ಉಳಿದರೆ 1.2 ಲಕ್ಷ. 40 ಕೌಂಟಿಗೆ (ಕಿಲೋಗೆ 40 ಸಿಗಡಿ) ಬಂದಾಗ 3 ಟನ್. ಎಫ್‌ಸಿಆರ್ (ಒಂದು ಕಿಲೋ ಸಿಗಡಿಗೆ ಬೇಕಾದ ಫೀಡು) 1.4 ಹಿಡಿದರೆ ಫೀಡು 4.2 ಟನ್, ಅಂದರೆ 25 ಕಿಲೋದ 168 ಚೀಲ. ತಂತಿಯಲ್ಲಿ 168ರ ಆಸುಪಾಸು ಚೀಟಿ ಇರಬೇಕು. 110 ಚೀಟಿ ಇಟ್ಟುಕೊಂಡು 3 ಟನ್ ಕೊಟ್ಟರೆ ಬೇರೆ ಹೊಂಡದ ಮಾಲು ಒಳಗೆ ಬಂದಿದೆ, ಇಲ್ಲವೇ ಲೇಬಲ್ಲಿಲ್ಲದ ಫೀಡು ಹೋಗಿದೆ. 168 ಚೀಟಿಗೆ ಎರಡೇ ಟನ್ ಬಂದರೆ ಒಂದೋ ಮರಿ ಸತ್ತಿದೆ, ಒಂದೋ ರಾತ್ರೋರಾತ್ರಿ ಮಾಲು ಹೊರಗೆ ಹೋಗಿದೆ. ಎಷ್ಟು ವ್ಯತ್ಯಾಸ ಕಂಡರೆ ಲಾಟನ್ನು ತಡೆಯುತ್ತೇವೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಹೇಳಿದರೆ ಅದಕ್ಕೆ ಒಂದು ಚೀಲ ಕಡಿಮೆ ಬರುವಂತೆ ಹೊಂದಿಸಿಕೊಂಡು ಬರುವವರಿದ್ದಾರೆ.

ದಾಖಲೆ ಕಡಿದುಹೋಗುವ ನಿಜವಾದ ಜಾಗ ಹಾರ್ವೆಸ್ಟ್ ರಾತ್ರಿ. ಐಸ್ ಕರಗುತ್ತಿರುತ್ತದೆ, ಗಾಡಿಯವರು ಹಾರ್ನ್ ಹೊಡೆಯುತ್ತಿರುತ್ತಾರೆ, ಗಾಡಿ ತುಂಬಿಲ್ಲವೆಂದು ಏಜೆಂಟ್ ಪಕ್ಕದ ಹೊಂಡದ ಎರಡು ಕ್ವಿಂಟಾಲ್ ಅದಕ್ಕೇ ಸುರಿಸುತ್ತಾರೆ. ಮಾನದಂಡದಲ್ಲಿ ಲಾಟುಗಳನ್ನು ಸೇರಿಸುವುದಕ್ಕೂ ಒಡೆಯುವುದಕ್ಕೂ ಅವಕಾಶವಿದೆ, ಆದರೆ ಯಾವುದು ಯಾವುದಕ್ಕೆ ಸೇರಿತೆಂಬ ದಾಖಲೆ ಇರಬೇಕು. ರಾತ್ರಿ ಎರಡು ಗಂಟೆಗೆ ಅದನ್ನು ಯಾರೂ ಬರೆಯುವುದಿಲ್ಲ. ಹಾಗಾಗಿ ಕೋಡು ಕಾಗದದಲ್ಲಿದ್ದರೆ ಸಾಲದು, ಕ್ರೇಟಿಗೇ ಅಂಟಿರಬೇಕು.

ಕ್ಯೂಆರ್ ಸ್ಟಿಕರ್ ಐಸ್ ನೀರಿಗೆ ಸುಲಿದು ಹೋಯಿತು. ಲ್ಯಾಮಿನೇಟ್ ಮಾಡಿದ ಕಾರ್ಡಿನ ಅಂಚಿನಿಂದ ನೀರು ಒಳಹೊಕ್ಕಿತು. ಮಾರ್ಕರಿನಲ್ಲಿ ಬರೆದ ಪ್ಲಾಸ್ಟಿಕ್ ಪಟ್ಟಿ ಕ್ರೇಟಿಗೆ ಕ್ರೇಟು ಉಜ್ಜಿ ಅಳಿಸಿತು. ಕೊನೆಗೆ ನಿಂತದ್ದು ಲಾರಿ ಬಾಗಿಲಿಗೆ ಹಾಕುವ, ಎಳೆದರೆ ಬಿಗಿಯಾಗುವ, ನಂಬರ್ ಅಚ್ಚಾದ ಪ್ಲಾಸ್ಟಿಕ್ ಸೀಲು. ಸಾವಿರದ ಲೆಕ್ಕದಲ್ಲಿ ತಂದರೆ ಒಂದಕ್ಕೆ ಮೂರು ರೂಪಾಯಿ ಬೀಳುತ್ತದೆ. ಕತ್ತರಿಸದೆ ಬಿಚ್ಚಲು ಬಾರದು. ಒಂದು ಹೊಂಡಕ್ಕೆ ಸಾಲಾಗಿ ಬರುವ ನಂಬರುಗಳನ್ನು ಕೊಡುತ್ತೇವೆ. 4201ರಿಂದ 4330 ಎಂದರೆ ಕಾಗ-14-2. ಪುಸ್ತಕದಲ್ಲಿ ಒಂದೇ ಸಾಲು ಬರೆದರೆ ಸಾಕು. ಹಾಳಾದ ಸೀಲನ್ನು ಎಸೆಯುವಂತಿಲ್ಲ, ತಂತಿಗೇ ಪೋಣಿಸಬೇಕು. ಐಸ್ ಸೇರಿ ತುಂಬಿದ ಕ್ರೇಟು ಎತ್ತುವಾಗ ಹಿಡಿಗೆ ಸಿಕ್ಕಿ ಸೀಲು ತುಂಡಾಗದಂತೆ ಕಟ್ಟುವ ಒಂದು ಕ್ರಮವಿದೆ, ಬಂದು ನೋಡಿದವರಿಗೆ ತೋರಿಸುತ್ತೇವೆ.

ಕಾರ್ಖಾನೆಯಲ್ಲಿ ಗ್ರೇಡಿಂಗ್ ಮಷೀನಿಗೆ ಸುರಿಯುವ ಮುನ್ನ ಸೀಲು ಕತ್ತರಿಸಿ ಬಕೆಟಿಗೆ ಹಾಕಿಸುತ್ತೇವೆ. ಒಂದು ಬಕೆಟು ಒಂದು ಲಾಟು. ಇಲ್ಲಿ ಕೌಂಟಿನ ಪ್ರಕಾರ ಬೆರೆಸಿಯೇ ತೀರುತ್ತಾರೆ, ತಡೆಯಲಾಗದು. ಬೆರಕೆಗೆ ದಿನದ ಒಂದು ಹೊಸ ಕೋಡು ಬರೆದು, ಅದರೊಳಗೆ ಯಾವ ಲಾಟುಗಳಿವೆ ಎಂದು ನಮೂದಿಸಿದರೆ ಆಯಿತು. ದಿನಕ್ಕೆ ಐದಾರು ಲಾಟಿಗಿಂತ ಹೆಚ್ಚು ಒಂದೇ ಕೋಡಿಗೆ ಸೇರಿಸಲು ಬಿಡಬೇಡಿ.

ಇನ್ನು ರೆಸಿಡ್ಯೂ. ಯುರೋಪಿನ 2019/1871 ನಿಯಮದ ಪ್ರಕಾರ 2022ರ ನವೆಂಬರ್ 28ರಿಂದ ಮಾಲನ್ನು ತಡೆಯುವ ಮಟ್ಟ, ಆಂಟಿಬಯಾಟಿಕ್ ಆದ ಕ್ಲೋರಾಂಫೆನಿಕಾಲ್ 0.15 ಪಿಪಿಬಿ (ನೂರು ಕೋಟಿಯಲ್ಲೊಂದು ಪಾಲು), ನೈಟ್ರೋಫ್ಯೂರಾನ್ ಔಷಧಿಗಳ ಮೆಟಬೊಲೈಟುಗಳು (ದೇಹದಲ್ಲಿ ಒಡೆದು ಉಳಿಯುವ ಅಂಶಗಳು) ತಲಾ 0.5 ಪಿಪಿಬಿ. ಮೊದಲು ಇದ್ದದ್ದು 0.3 ಮತ್ತು 1. ಈ 0.15 ಎಷ್ಟು ಸಣ್ಣದೆಂದರೆ ಒಂದು ಟನ್ ಸಿಗಡಿಗೆ 0.15 ಮಿಲಿಗ್ರಾಂ. ಕಣ್ಣಿಗೆ ಹಾಕುವ ಮುಲಾಮಿನಲ್ಲಿ ಕ್ಲೋರಾಂಫೆನಿಕಾಲ್ ಶೇಕಡಾ 1 ಇರುತ್ತದೆ. ಬೆರಳಿಗೆ ಹತ್ತಿದ 15 ಮಿಲಿಗ್ರಾಂ ಮುಲಾಮು, ಲೆಕ್ಕಕ್ಕೆ, ಒಂದು ಟನ್ ಮಾಲನ್ನು ಕೆಡಿಸಲು ಸಾಕು. ಪೀಲಿಂಗ್ ಮಾಡುವ ಹೆಂಗಸರ ಕೈ ಸಿಗಡಿ ಮುಳ್ಳಿಗೆ ಸಿಕ್ಕಿ ಗಾಯವಾಗುತ್ತದೆ, ಮನೆಯಲ್ಲಿದ್ದ ಯಾವುದೋ ಟ್ಯೂಬು ಹಚ್ಚಿಕೊಂಡು ಬರುತ್ತಾರೆ. ಹೊಂಡದಲ್ಲಿ ಔಷಧಿ ಹುಡುಕಿ ಸುಸ್ತಾದವರು ಶೆಡ್ಡಿನ ಟ್ಯೂಬುಗಳನ್ನು ನೋಡಲಿ. ಸುಟ್ಟ ಗಾಯದ ನೈಟ್ರೋಫ್ಯೂರಜೋನ್ ಮುಲಾಮಿನದೂ ಇದೇ ಕಥೆ. ಗಾಯವಾದವರಿಗೆ ಆ ದಿನ ಪ್ಯಾಕಿಂಗ್ ಕೆಲಸ ಕೊಟ್ಟು ಕೂಲಿ ಮುರಿಯದಿದ್ದರೆ ಯಾರೂ ಮುಚ್ಚಿಡುವುದಿಲ್ಲ.

ಪರೀಕ್ಷೆಯ ಸ್ಯಾಂಪಲ್ಲನ್ನು ಹೊಂಡದ ನಾಲ್ಕು ಮೂಲೆ ಮತ್ತು ನಡುವಿನಿಂದ ಬೀಸುಬಲೆಯಲ್ಲಿ ತೆಗೆದು, ತಲೆ–ಚಿಪ್ಪು ಸುಲಿದು ಮಾಂಸ ಮಾತ್ರ ಕೊಡಿ. ಸಿಹಿನೀರಿನ ದೊಡ್ಡ ಸಿಗಡಿಯ ಚಿಪ್ಪಿನಲ್ಲಿ ಸೆಮಿಕಾರ್ಬಜೈಡ್ ಸಹಜವಾಗಿಯೇ ಇರುತ್ತದೆ. ಅದು ನೈಟ್ರೋಫ್ಯೂರಜೋನಿನ ಗುರುತು ಕೂಡ ಆದ್ದರಿಂದ ಚಿಪ್ಪು ಸೇರಿದರೆ ಔಷಧಿ ಹಾಕದ ಮಾಲೂ ಪಾಸಿಟಿವ್ ತೋರಿಸಬಹುದು. ಉಪ್ಪುನೀರಿನ ವನಾಮಿ ಸಿಗಡಿಗೂ ನಾವು ಅದೇ ಶಿಸ್ತು ಇಟ್ಟಿದ್ದೇವೆ. ಹೊಂಡಕ್ಕೆ ಹೋಗುವ ಪ್ರತಿ ಪ್ರೋಬಯಾಟಿಕ್, ಮಿನರಲ್ ಡಬ್ಬಿಯಿಂದ ನೂರು ಗ್ರಾಂ ತೆಗೆದು ಕೋಡು ಬರೆದಿಡುತ್ತೇವೆ. ಹೀಗೆ ಇಡಲು ಶುರುಮಾಡಿದ ಮೇಲೆ ಲೇಬಲ್ಲಿಲ್ಲದ ಡಬ್ಬಿ ಮಾರುವ ಏಜೆಂಟರು ತಾವಾಗಿಯೇ ಈ ಕಡೆ ಬರುವುದು ಬಿಟ್ಟರು.

ಖರ್ಚು, ನೆನಪಿನಿಂದ ಹೇಳುವುದಾದರೆ: ಸೀಲು, ಪುಸ್ತಕ, ತಂತಿ, ಔಷಧಿ ಉಳಿಕೆ ನೋಡುವ ಎಲೈಸಾ ಟೆಸ್ಟು, ಮೇಲ್ವಿಚಾರಣೆಯ ಹುಡುಗನ ಸಂಬಳ ಎಲ್ಲ ಸೇರಿ ಕಿಲೋಗೆ ಎರಡು ರೂಪಾಯಿಯ ಒಳಗೆ. ಅರ್ಧಕ್ಕಿಂತ ಹೆಚ್ಚು ಸಂಬಳಕ್ಕೇ. ಜಾಡು ಇದ್ದರೆ ಕಿಲೋಗೆ ಇಪ್ಪತ್ತು ರೂಪಾಯಿ ಹೆಚ್ಚು ಸಿಗುತ್ತದೆ ಎಂದು ಕನ್ಸಲ್ಟೆಂಟರು ಹೇಳುತ್ತಾರೆ, ನಂಬಬೇಡಿ. ದರ ಏರಲಿಲ್ಲ. ರಿಪೋರ್ಟ್ ಬರುವ ತನಕ ಹಿಡಿದಿಡುತ್ತಿದ್ದ ಹಣ ಈಗ ಹಾರ್ವೆಸ್ಟಾದ ವಾರದಲ್ಲೇ ಕೈ ಸೇರುತ್ತಿದೆ. ಸಾಲದ ಬಡ್ಡಿ ಕಟ್ಟುವವರಿಗೆ ಕಿಲೋಗೆ ಎರಡು ರೂಪಾಯಿ ಅಲ್ಲಿಯೇ ಹುಟ್ಟುತ್ತದೆ.

ಇನ್ನೂ ಬಗೆಹರಿಯದ್ದು ಮರಿಯ ಹಿಂದಿನ ಕೊಂಡಿ. ಒಂದು ಕಡೆ ಮೊಟ್ಟೆಯೊಡೆದ ನಾಪ್ಲಿಯಸ್ಸನ್ನು (ಮೊದಲ ಹಂತದ ಮರಿಯನ್ನು) ಇನ್ನೊಂದು ಹ್ಯಾಚರಿ ಕೊಂಡು ಬೆಳೆಸಿ ಮಾರುತ್ತದೆ, ಬಿಲ್ಲಿನಲ್ಲಿ ಎರಡನೆಯ ಹೆಸರು ಮಾತ್ರ ಇರುತ್ತದೆ. ತಾಯಿ ಸಿಗಡಿಯ ಬ್ಯಾಚ್ ಕೇಳಿದರೆ ರೋಗದ ಪಿಸಿಆರ್ ಪರೀಕ್ಷೆಯ ರಿಪೋರ್ಟ್ ಕೈಗಿಡುತ್ತಾರೆ. ಬ್ಯಾಚ್ ಬರೆದು ಕೊಡದಿದ್ದರೆ ಮುಂಗಡ ಕೊಡುವುದಿಲ್ಲ ಎಂದು ಗುಂಪಾಗಿ ಕೂತಾಗ ಒಂದೆರಡು ಕಡೆ ಕೊಟ್ಟರು.

ಇಂಥದ್ದನ್ನು ಮಾನದಂಡದೊಳಗೇ ಸರಿಪಡಿಸಬೇಕೆಂದರೆ ಮೀನುಗಾರಿಕೆ, ಜಲಕೃಷಿಯ ಐಎಸ್‌ಒ ತಾಂತ್ರಿಕ ಸಮಿತಿ 234ರ ಕರಡು ಬಂದಾಗ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮೂಲಕ ಅಭಿಪ್ರಾಯ ಕಳಿಸಬೇಕು. ಪ್ರಕಟವಾದ ಮಾನದಂಡಗಳನ್ನು ಐದು ವರ್ಷಕ್ಕೊಮ್ಮೆ ಮರುಪರಿಶೀಲಿಸುತ್ತಾರೆ, ಆಗಲೂ ಅವಕಾಶವಿದೆ. ನಮೂನೆಯಲ್ಲಿ ಕಲಮಿನ ಸಂಖ್ಯೆ, ಅಭಿಪ್ರಾಯ ಸಾಮಾನ್ಯವೋ ತಾಂತ್ರಿಕವೋ ಭಾಷೆಯದೋ ಎಂಬುದು, ಆಕ್ಷೇಪ, ಬದಲಿ ಪಠ್ಯ ಎಂದು ಅಂಕಣಗಳಿರುತ್ತವೆ. 'ಸಣ್ಣ ರೈತರಿಗೆ ಕಷ್ಟ' ಎಂದಷ್ಟೇ ಬರೆದರೆ ಗಮನಿಸಲಾಗಿದೆ ಎಂಬ ಉತ್ತರ ಬಂದು ಅಲ್ಲಿಗೆ ಮುಗಿಯುತ್ತದೆ. ಬದಲಿ ಪಠ್ಯದ ಅಂಕಣದಲ್ಲಿ ಪೂರ್ತಿ ವಾಕ್ಯವನ್ನೇ ಬರೆದು ಕೊಡಿ: ನಾಪ್ಲಿಯಸ್ ಮಾರಿದವರ ಗುರುತನ್ನೂ ತಾಯಿ ಬ್ಯಾಚಿನ ಸಂಖ್ಯೆಯನ್ನೂ ಮರಿ ಮಾರುವವರು ಬಿಲ್ಲಿನ ಜೊತೆಗೇ ಕೊಡತಕ್ಕದ್ದು.