ಬಾಟಲಿ ಬೀಪ್ ಅಂದರೆ ಮೊದಲು ವಾರ್ಡಿಗೆ ಫೋನ್

ಮುಂಬೈಯ ಒಂದು ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ನನ್ನ ಕೆಲಸ. ಡೊಂಬಿವಲಿಯಿಂದ ಲೋಕಲ್‌ನಲ್ಲಿ ನಿಂತೇ ಬರುತ್ತೇನೆ. ಮಳೆಗಾಲದಲ್ಲಿ ವಾರ್ಡ್ ತುಂಬ ಜ್ವರ, ನಮ್ಮಲ್ಲಿ ಟ್ರೇ ತುಂಬ ಬ್ಲಡ್ ಕಲ್ಚರ್. ಅಂದರೆ ರೋಗಿಯ ರಕ್ತವನ್ನು ಪೋಷಕ ದ್ರವದ ಬಾಟಲಿಗೆ ಹಾಕಿ ಮೆಷಿನ್‌ನಲ್ಲಿ ಇಡುತ್ತೇವೆ, ಸೂಕ್ಷ್ಮಾಣು ಬೆಳೆದರೆ ಅದು ಬೀಪ್ ಅನ್ನುತ್ತದೆ.

ಆ ದಿನ ಒಂದು ಬಾಟಲಿ 31 ಗಂಟೆಗೆ ಬೀಪ್ ಅಂದಿತು. ನಿಜವಾದ ಸೋಂಕು ಸಾಮಾನ್ಯವಾಗಿ ಇನ್ನೂ ಬೇಗ ಕೂಗುತ್ತದೆ. ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುವ ಗ್ರಾಂ ಸ್ಟೇನ್‌ನಲ್ಲಿ ನೇರಳೆ ಬಣ್ಣದ ಗುಂಡು ಕಾಳುಗಳು, ದ್ರಾಕ್ಷಿ ಗೊಂಚಲಿನ ಹಾಗೆ. ಇಲ್ಲೇ ತೊಡಕು. ಅಪಾಯಕಾರಿ ಬ್ಯಾಕ್ಟೀರಿಯಾ ಸ್ಟ್ಯಾಫ್ ಆರಿಯಸ್ ಆದರೂ ಹೀಗೇ, ಎಲ್ಲರ ಚರ್ಮದ ಮೇಲೂ ಸುಮ್ನೆ ಕೂತಿರುವ ಸ್ಟ್ಯಾಫ್ ಎಪಿಡರ್ಮಿಡಿಸ್ ಆದರೂ ಹೀಗೇ. ಆರಿಯಸ್ ಒಂದೇ ಬಾಟಲಿಯಲ್ಲಿ ಬಂದರೂ ನಿಜವಾದ ಸೋಂಕೆಂದೇ ಹಿಡಿಯಬೇಕು. ಈ. ಕೋಲೈ ಬ್ಯಾಕ್ಟೀರಿಯಾ, ಕ್ಯಾಂಡಿಡಾ ಶಿಲೀಂಧ್ರ ಬಂದರೂ ಅಷ್ಟೇ. ಎಪಿಡರ್ಮಿಡಿಸ್ ಬಹಳ ಸಲ ಸೂಜಿಯ ಜೊತೆ ಚರ್ಮದಿಂದ ಬಂದಿರುತ್ತದೆ.

ಇವೆರಡನ್ನು ಬೇರ್ಪಡಿಸುವ ಕೋಯಾಗ್ಯುಲೇಸ್ ಟೆಸ್ಟ್ ಇಟ್ಟು ವಾರ್ಡಿಗೆ ಫೋನ್ ಮಾಡಿದೆ. ಬೆಳಗಾವಿ ಕಡೆಯ ಸಿಸ್ಟರ್ ಎತ್ತಿದರು.

"ಎಷ್ಟು ಬಾಟಲಿ ತೆಗೆದಿರಿ ಸಿಸ್ಟರ್? ಎಲ್ಲಿಂದ?"

"ಒಂದ ರೀ ಮೇಡಂ. ಐವಿ ಸೂಜಿ ಹಾಕುವಾಗ ಅದರಾಗಿಂದನ ತಗೊಂಡೇನ್ರಿ."

ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಒಂದೇ ಬಾಟಲಿಯಾದರೆ ಹೋಲಿಸುವುದು ಯಾವುದರ ಜೊತೆ? ದುಡ್ಡು ಉಳಿಸಲು ಒಂದೇ ಕಳಿಸುತ್ತಾರೆ, ಆಮೇಲೆ ವ್ಯಾಂಕೊಮೈಸಿನ್ ಎಂಬ ಆ್ಯಂಟಿಬಯಾಟಿಕ್‌ಗೆ ಅದಕ್ಕಿಂತ ಜಾಸ್ತಿ ಸುರಿಯುತ್ತಾರೆ.

ಟೆಸ್ಟ್ ನೆಗೆಟಿವ್ ಬಂತು, ಅಂದರೆ ಆರಿಯಸ್ ಅಲ್ಲ. ಆ್ಯಂಟಿಬಯಾಟಿಕ್ ಇನ್ನೂ ಶುರುವಾಗಿರಲಿಲ್ಲ, ಪುಣ್ಯ. ಎರಡೂ ಕೈಗಳಿಂದ ಬೇರೆ ಬೇರೆ ಚುಚ್ಚಿ, ಬಾಟಲಿಗೆ 8-10 ಎಂಎಲ್ ರಕ್ತ ಮತ್ತೆ ತೆಗೆಸಿದೆ. ಕ್ಲೋರ್‌ಹೆಕ್ಸಿಡಿನ್ ಸ್ಪಿರಿಟ್‌ನಿಂದ 30 ಸೆಕೆಂಡ್ ಉಜ್ಜಿ ಒಣಗಲು ಬಿಡಬೇಕು. ಹಸಿಯಿದ್ದಾಗಲೇ ಚುಚ್ಚಿದರೆ ಉಜ್ಜಿದ್ದು ದಂಡ. ಬಾಟಲಿಯ ರಬ್ಬರನ್ನೂ ಒರೆಸಬೇಕು, ಇದನ್ನು ಮರೆಯುವವರೇ ಜಾಸ್ತಿ. 5 ದಿನ ಕಾದರೂ ಎರಡರಲ್ಲೂ ಏನೂ ಬೆಳೆಯಲಿಲ್ಲ. ಮೊದಲನೆಯದು ಚರ್ಮದಿಂದ ಬಂದದ್ದೆಂದು ಹಿಡಿದೆವು.

ಹಾಗಂತ ಎಪಿಡರ್ಮಿಡಿಸ್ ಬಂದಾಗಲೆಲ್ಲ ತಳ್ಳಿಹಾಕುವ ಹಾಗಿಲ್ಲ. ನಾನೇ ಒಮ್ಮೆ ತಳ್ಳಿದ್ದೆ. ಡಯಾಲಿಸಿಸ್‌ಗೆಂದು ರಕ್ತನಾಳದಲ್ಲಿ ಕ್ಯಾಥೆಟರ್ (ನಳಿಕೆ) ಇದ್ದ ಅಜ್ಜ. ಮೊದಲ ಬಾಟಲಿ ನೋಡಿ 'ಕಂಟಾಮಿನೇಷನ್', ಅಂದರೆ ಹೊರಗಿನಿಂದ ಸೇರಿದ್ದು, ಎಂದು ಬರೆದುಬಿಟ್ಟೆ. ಮೂರನೇ ದಿನ ಮತ್ತೆ ಗಡಗಡ ಚಳಿಜ್ವರ. ಕ್ಯಾಥೆಟರ್‌ನಿಂದಲೂ ಕೈಯಿಂದಲೂ ಒಟ್ಟಿಗೆ ರಕ್ತ ತೆಗೆದರೆ ಎರಡರಲ್ಲೂ ಅದೇ. ಕ್ಯಾಥೆಟರ್‌ನ ಬಾಟಲಿ 2 ಗಂಟೆಗೂ ಜಾಸ್ತಿ ಮುಂಚೆ ಕೂಗಿತ್ತು, ಅಂದರೆ ಬೇರು ಅಲ್ಲೇ. ಅದನ್ನು ತೆಗೆದ ಮೇಲೆಯೇ ಜ್ವರ ಇಳಿದದ್ದು.

ಈಗ 'ಕಂಟಾಮಿನೇಷನ್' ಎಂಬ ಪದವನ್ನು ಒಬ್ಬಳೇ ಕೂತು ಬರೆಯುವುದಿಲ್ಲ. ಚಳಿ ಬಂತಾ, ಮೈಯೊಳಗೆ ಕ್ಯಾಥೆಟರ್, ಕೃತಕ ವಾಲ್ವ್ ಏನಾದರೂ ಇದೆಯಾ ಎಂದು ಕೇಳಿಯೇ ಸಹಿ ಹಾಕುತ್ತೇನೆ. ಬೆಳಗಾವಿ ಸಿಸ್ಟರ್ ಅಂತೂ ನನ್ನ ದನಿ ಕೇಳಿದ ಕೂಡಲೇ ಶುರುಮಾಡುತ್ತಾರೆ: "ಎರಡೂ ಕೈಯಾಗಿಂದ ತಗೊಂಡೇನ್ರಿ ಮೇಡಂ, ಒಣಗಿದ ಮ್ಯಾಲೆ."