ಆಡಿಟ್‌ಗೆ ಬಂದವರನ್ನು ಮತ್ತೆ ಹುಡುಕಿದ್ದು: ಲಿಂಕ್ಡ್‌ಇನ್ ಬಳಸಿದ ನನ್ನ ಅನುಭವ

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ನಾನು ಎಂಟು ವರ್ಷ ಗುಣಮಟ್ಟ ತಪಾಸಣೆಯ ಕೆಲಸ ಮಾಡಿದ್ದೇನೆ. ಪಂಪು, ವಾಲ್ವು ಮತ್ತು ಟ್ರ್ಯಾಕ್ಟರುಗಳಿಗೆ ಬೇಕಾದ ಕಬ್ಬಿಣದ ಎರಕಗಳನ್ನು ಅಳೆಯುವುದು, ದೋಷವಿದ್ದವನ್ನು ಬೇರ್ಪಡಿಸುವುದು, ಗಿರಾಕಿ ಕಂಪನಿಗಳಿಗೆ ವರದಿ ಕಳಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಅಲ್ಲಿ ಮೇಲೇರಲು ಮೆಟ್ಟಿಲೇ ಇರಲಿಲ್ಲ. ನನ್ನ ಮೇಲಿದ್ದವರು ಒಬ್ಬರೇ, ಅವರು ವಯಸ್ಸಿನಲ್ಲಿ ನನಗಿಂತ ನಾಲ್ಕೇ ವರ್ಷ ದೊಡ್ಡವರು. 2022ರ ಅಕ್ಟೋಬರಿನಲ್ಲಿ ನಾನು ಬೆಂಗಳೂರಿನ ಒಂದು ಕಂಪನಿಗೆ ಸಪ್ಲೈಯರ್ ಕ್ವಾಲಿಟಿ ಎಂಜಿನಿಯರ್ ಆಗಿ ಸೇರಿದೆ. ಎರಕ ಹೊಯ್ದು ಕೊಡುವವರ ಕಡೆಯಿಂದ ಅದನ್ನು ಕೊಂಡು ಪರೀಕ್ಷಿಸುವವರ ಕಡೆಗೆ ದಾಟಿದ್ದೇನೆ ಎಂದರೆ ನಮ್ಮ ಕಸುಬಿನವರಿಗೆ ವಿಷಯ ತಿಳಿಯುತ್ತದೆ. ಇದಕ್ಕೆ ಉದ್ಯೋಗಸ್ಥರ ಜಾಲತಾಣವಾದ ಲಿಂಕ್ಡ್‌ಇನ್ ನೆರವಾಯಿತು, ಆದರೆ ನಾನು ಮೊದಲು ಎಣಿಸಿದ್ದ ರೀತಿಯಲ್ಲಿ ಅಲ್ಲ.

ಡಿಪ್ಲೊಮಾದ ಕೊನೆಯ ವರ್ಷ, 2013ರಲ್ಲಿ, ಮೇಷ್ಟ್ರೊಬ್ಬರು ಕಂಪ್ಯೂಟರ್ ಲ್ಯಾಬಿನಲ್ಲಿ ಕೂರಿಸಿ ನಮ್ಮೆಲ್ಲರಿಂದ ಖಾತೆ ತೆರೆಸಿದ್ದರು. ಆ ಹೊತ್ತಿಗೆ ಲಿಂಕ್ಡ್‌ಇನ್ ಶುರುವಾಗಿ ಹತ್ತು ವರ್ಷ ಕಳೆದಿತ್ತು. ಆದರೂ ಅದು ಸಾಫ್ಟ್‌ವೇರ್‌ನವರ ಜಾಗ ಎಂಬ ಭಾವನೆ ನಮ್ಮಲ್ಲಿತ್ತು. ಉದ್ಯಮಬಾಗದಲ್ಲಿ ಕೆಲಸದ ಸುದ್ದಿ ಚಹಾ ಅಂಗಡಿಯಲ್ಲಿ ಹುಟ್ಟಿ ಅಲ್ಲಿಯೇ ಮುಗಿಯುತ್ತಿತ್ತು. ಹಾಗಾಗಿ 2021ರ ಆರಂಭದವರೆಗೂ ನನ್ನ ಪ್ರೊಫೈಲಿನಲ್ಲಿ ನಾನು ವಿದ್ಯಾರ್ಥಿಯಾಗಿಯೇ ಉಳಿದಿದ್ದೆ. ಹಿಂದಿನ ವರ್ಷದ ಲಾಕ್‌ಡೌನಿನಲ್ಲಿ ಕುಲುಮೆ ಆರಿಸಿ ಮನೆಯಲ್ಲಿ ಕುಳಿತ ದಿನಗಳಲ್ಲಿ, ಈ ಒಂದು ಕಾರ್ಖಾನೆಯ ಗೇಟಿನಾಚೆ ನನ್ನನ್ನು ಬಲ್ಲವರು ಯಾರಿದ್ದಾರೆ ಎಂಬ ಪ್ರಶ್ನೆ ನನ್ನನ್ನು ಕಾಡತೊಡಗಿತ್ತು.

ಮೊದಲ ಮೂರು ತಿಂಗಳು ನಾನು ಮಾಡಿದ್ದೆಲ್ಲ ವ್ಯರ್ಥವಾಯಿತು. ದಿನಕ್ಕೆ ಐದಾರು ಮಂದಿ ಎಚ್‌ಆರ್ ಅಧಿಕಾರಿಗಳಿಗೆ ಒಂದು ಮಾತೂ ಬರೆಯದೆ ಕನೆಕ್ಷನ್ ರಿಕ್ವೆಸ್ಟ್ ಕಳಿಸಿದೆ. ಕೆಲವರು ಒಪ್ಪಿಕೊಂಡರು, ಅಲ್ಲಿಗೆ ಕಥೆ ಮುಗಿಯಿತು. ಈಸಿ ಅಪ್ಲೈ ಗುಂಡಿ ಒತ್ತಿ ಸುಮಾರು ಅರವತ್ತು ಕಡೆ ಅರ್ಜಿ ಹಾಕಿದೆ. ಉತ್ತರ ಬಂದದ್ದು ನಾಲ್ಕು ಕಡೆಯಿಂದ, ಅದರಲ್ಲಿ ಮೂರು ಯಂತ್ರವೇ ಬರೆದ ವಿಷಾದದ ಪತ್ರಗಳು. ಒಂದೇ ಬೆರಳಿನಲ್ಲಿ ಅರ್ಜಿ ಹಾಕಲು ನನಗೆ ಸಾಧ್ಯವಾದರೆ ಉಳಿದ ಸಾವಿರಾರು ಜನರಿಗೂ ಅದು ಸಾಧ್ಯವೆಂಬ ಸರಳ ಲೆಕ್ಕ ನನಗೆ ಹೊಳೆಯಲು ಇಷ್ಟು ದಿನ ಬೇಕಾಯಿತು.

ಆಮೇಲೆ ಅರ್ಜಿ ಹಾಕುವುದನ್ನು ನಿಲ್ಲಿಸಿ ಓದಲು ಕುಳಿತೆ. ನಾನು ಬಯಸುವಂಥ ಹುದ್ದೆಗಳ ಮೂವತ್ತು ಜಾಹೀರಾತುಗಳನ್ನು ಆಯ್ದು, ಅವುಗಳಲ್ಲಿ ಪದೇ ಪದೇ ಬರುವ ಪದಗಳನ್ನು ತಪಾಸಣೆಯ ರಿಜಿಸ್ಟರಿನಲ್ಲಿ ದೋಷಗಳಿಗೆ ಗೆರೆ ಎಳೆಯುವಂತೆಯೇ ಒಂದು ನೋಟ್‌ಬುಕ್ಕಿನಲ್ಲಿ ಎಣಿಸಿದೆ. ನನ್ನ ಕಾರ್ಖಾನೆಯಲ್ಲಿ ನನಗಿದ್ದ ಹೆಸರು ಕ್ಯೂಸಿ ಸೂಪರ್‌ವೈಸರ್. ಮೂವತ್ತು ಜಾಹೀರಾತುಗಳಲ್ಲಿ ಒಂದರಲ್ಲೂ ಆ ಹೆಸರು ಇರಲಿಲ್ಲ. ಅಲ್ಲಿದ್ದದ್ದು ಸಪ್ಲೈಯರ್ ಕ್ವಾಲಿಟಿ, ಕಾಸ್ಟಿಂಗ್, ಪಿಪಿಎಪಿ, 8ಡಿ, ಐಎಟಿಎಫ್ 16949 (ವಾಹನ ಬಿಡಿಭಾಗ ಉದ್ಯಮದ ಗುಣಮಟ್ಟದ ಮಾನದಂಡ) ಎಂಬ ಮಾತುಗಳು. ಇವೆಲ್ಲ ನಾನು ದಿನವೂ ಮಾಡುತ್ತಿದ್ದ ಕೆಲಸಗಳೇ. ಗಿರಾಕಿಯಿಂದ ದೂರು ಬಂದಾಗ ದೋಷದ ಮೂಲ ಹುಡುಕಿ ಎಂಟು ಹಂತಗಳಲ್ಲಿ ಸರಿಪಡಿಸುವ 8ಡಿ ವರದಿ ಬರೆಯುತ್ತಿದ್ದವನು ನಾನು. ಹೊಸ ಭಾಗವೊಂದರ ಉತ್ಪಾದನೆಗೆ ಒಪ್ಪಿಗೆ ಪಡೆಯಲು ಪಿಪಿಎಪಿಯ ಹದಿನೆಂಟು ದಾಖಲೆಗಳ ಕಡತವನ್ನು ರಾತ್ರಿಯೆಲ್ಲ ಕುಳಿತು ಜೋಡಿಸುತ್ತಿದ್ದವನೂ ನಾನೇ. ಆದರೆ ಹುಡುಕುವವರು ಬೆರಳಚ್ಚಿಸುವ ಪದ ನನ್ನ ಪುಟದಲ್ಲಿ ಇರದಿದ್ದ ಮೇಲೆ ಅವರಿಗೆ ನಾನು ಕಾಣುವ ಬಗೆಯೇ ಇರಲಿಲ್ಲ.

ಹೆಸರಿನ ಕೆಳಗೆ ಬರುವ ಹೆಡ್‌ಲೈನ್‌ಗೆ ಅಲ್ಲಿ 220 ಅಕ್ಷರಗಳ ಮಿತಿ ಇದೆ. ಅದರಲ್ಲಿ ಹುದ್ದೆಯ ಹೆಸರನ್ನಷ್ಟೇ ಬರೆದು ಬಿಡುವುದು ನಷ್ಟವೆಂದು ಬಗೆದು, ಗ್ರೇ ಐರನ್ ಮತ್ತು ಎಸ್‌ಜಿ ಐರನ್ ಎಂಬ ಎರಡು ಬಗೆಯ ಕಬ್ಬಿಣದ ಎರಕಗಳ ಗುಣಮಟ್ಟ, ದೋಷ ವಿಶ್ಲೇಷಣೆ, ಪಿಪಿಎಪಿ ಎಂಬ ಮೂರು ಸಂಗತಿಗಳನ್ನು ಅಲ್ಲಿಯೇ ಸೇರಿಸಿದೆ. ಪರಿಚಯದ ಭಾಗಕ್ಕೆ 2,600 ಅಕ್ಷರಗಳ ಅವಕಾಶವಿದ್ದರೂ ನಾನು ಅದರ ಮೂರನೇ ಒಂದು ಪಾಲನ್ನೂ ಬಳಸಲಿಲ್ಲ. ತೆರೆದ ಕೂಡಲೇ ಕಾಣುವುದು ಮೊದಲ ಕೆಲವೇ ಸಾಲುಗಳಾದ್ದರಿಂದ ಹೇಳಬೇಕಾದದ್ದನ್ನು ಅಲ್ಲಿಯೇ ಹೇಳಿ ಮುಗಿಸಿದೆ. ರಿಜೆಕ್ಷನ್ ಪ್ರಮಾಣವನ್ನು ಎಷ್ಟಕ್ಕೆ ಇಳಿಸಿದೆವು ಎಂಬ ನಿಖರವಾದ ಅಂಕಿಯನ್ನು ಬರೆಯಬೇಕೇ ಎಂದು ಬಹಳ ಯೋಚಿಸಿದೆ. ಅಂಕಿ ಬರೆದರೆ ತೂಕ ಹೆಚ್ಚು ಎಂದು ಎಲ್ಲರೂ ಹೇಳುತ್ತಾರೆ, ನಿಜ. ಆದರೆ ಆ ಅಂಕಿ ನನ್ನದಷ್ಟೇ ಅಲ್ಲ, ಮಾಲೀಕರ ವ್ಯವಹಾರದ ಗುಟ್ಟೂ ಹೌದು. ಕೊನೆಗೆ, ಒಂದು ವಾಲ್ವ್ ಬಾಡಿಯ ರಿಜೆಕ್ಷನ್ ಅನ್ನು ಹನ್ನೊಂದು ತಿಂಗಳಲ್ಲಿ ಅರ್ಧಕ್ಕಿಂತ ಕಡಿಮೆ ಮಾಡಿದ ತಂಡದಲ್ಲಿದ್ದೆ ಎಂದು ಬರೆದೆ. ತಂಡ ಎಂಬ ಪದವನ್ನು ವಿನಯಕ್ಕಾಗಿ ಹಾಕಿದ್ದಲ್ಲ. ಅಚ್ಚಿನ ಮರಳಿನ ಹದ ಬಲ್ಲ ಹಿರಿಯ ಕೆಲಸಗಾರರೊಬ್ಬರು ಇಲ್ಲದಿದ್ದರೆ ಆ ಕೆಲಸ ಆಗುತ್ತಲೇ ಇರಲಿಲ್ಲ.

ಇಷ್ಟು ಎಚ್ಚರ ವಹಿಸಿದವನೇ ಒಮ್ಮೆ ಎಡವಿದೆ. ಚೆನ್ನಾಗಿ ಬಂದ ಒಂದು ಎರಕದ ಫೋಟೊ ತೆಗೆದು ಹುಮ್ಮಸ್ಸಿನಲ್ಲಿ ಹಾಕಿಬಿಟ್ಟೆ. ಅದರ ಮೇಲೆ ಉಬ್ಬಿ ನಿಂತಿದ್ದ ಪಾರ್ಟ್ ನಂಬರೂ ಗಿರಾಕಿಯ ಲಾಂಛನವೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ಮೇಲ್ಮೈ ದೋಷ ಹುಡುಕುವುದೇ ಕಸುಬಾದ ನನ್ನ ಕಣ್ಣಿಗೆ. ಮಧ್ಯಾಹ್ನದೊಳಗೆ ಮಾಲೀಕರ ಕೋಣೆಯಿಂದ ಕರೆ ಬಂತು. ಅವರು ಕೂಗಾಡಲಿಲ್ಲ, "ಇದನ್ನ ಅವರು ನೋಡಿದ್ರ ನಾಳೆ ನಮಗ ಆರ್ಡರ್ ಕೊಡ್ತಾರೇನಪಾ?" ಎಂದಷ್ಟೇ ಕೇಳಿದರು. ಅವರೆದುರೇ ಅಳಿಸಿದೆ. ಅಂದಿನಿಂದ ಗಿರಾಕಿಯ ಭಾಗಗಳ ಫೋಟೊ ಹಾಕುವ ಗೋಜಿಗೇ ಹೋಗಿಲ್ಲ. ಬೇಕೆನಿಸಿದಾಗ ಕೈಯಿಂದ ಚಿತ್ರ ಬರೆದು ಹಾಕುತ್ತೇನೆ.

ಕೆಲಸ ಹುಡುಕುತ್ತಿದ್ದೇನೆ ಎಂದು ಸೂಚಿಸುವ ಓಪನ್ ಟು ವರ್ಕ್ ಸೌಲಭ್ಯದಲ್ಲಿ ಎರಡು ಆಯ್ಕೆಗಳಿವೆ: ಫೋಟೊದ ಸುತ್ತ ಹಸಿರು ಪಟ್ಟಿ ಹಾಕಿಕೊಂಡು ಎಲ್ಲರಿಗೂ ಸಾರುವುದು, ಇಲ್ಲವೇ ನೇಮಕಾತಿ ಮಾಡುವವರಿಗೆ ಮಾತ್ರ ಕಾಣುವಂತೆ ಇಡುವುದು. ನಾನು ಎರಡನೆಯದನ್ನು ಆರಿಸಿದೆ. ಈಗಿರುವ ಕಂಪನಿಯ ನೇಮಕಾತಿಯವರಿಗೆ ಅದು ಕಾಣದಂತೆ ಪ್ರಯತ್ನಿಸುತ್ತೇವೆ, ಆದರೆ ಪೂರ್ತಿ ಖಾತರಿ ಕೊಡಲಾರೆವು ಎಂದು ಲಿಂಕ್ಡ್‌ಇನ್ ತಾನೇ ಹೇಳುತ್ತದೆ. ಉದ್ಯಮಬಾಗದಂಥ ಕಡೆ ಒಬ್ಬರ ಸೋದರಳಿಯ ಇನ್ನೊಬ್ಬರಲ್ಲಿ ಲೆಕ್ಕ ಬರೆಯುತ್ತಿರುತ್ತಾನೆ ಎಂಬುದನ್ನು ನಾನು ಇದಕ್ಕೆ ಸೇರಿಸುತ್ತೇನೆ. ಪ್ರೊಫೈಲ್ ತಿದ್ದುವ ಮೊದಲು, ಬದಲಾವಣೆಗಳನ್ನು ಪರಿಚಿತರಿಗೆ ತಿಳಿಸುವ ಸೆಟ್ಟಿಂಗನ್ನು ಆಫ್ ಮಾಡಿಟ್ಟುಕೊಂಡದ್ದೂ ಇದೇ ಅಂಜಿಕೆಯಿಂದ.

ನಿಜವಾದ ತಿರುವು ಬಂದದ್ದು ನಮ್ಮ ಕಾರ್ಖಾನೆಯ ಭೇಟಿ ಪುಸ್ತಕದಿಂದ. ಗೇಟಿನಲ್ಲಿ ಇಡುವ ಆ ಪುಸ್ತಕವನ್ನು ಒಂದು ದಿನ ಸುಮ್ಮನೆ ತಿರುವಿ ಹಾಕುತ್ತಿದ್ದಾಗ, ಏಳು ವರ್ಷಗಳಲ್ಲಿ ಆಡಿಟ್‌ಗೆಂದು, ಎಂದರೆ ಕಾರ್ಖಾನೆಯ ಗುಣಮಟ್ಟದ ಪರಿಶೀಲನೆಗೆಂದು, ದೂರಿನ ತನಿಖೆಗೆಂದು ನಮ್ಮಲ್ಲಿಗೆ ಬಂದು ಹೋದ ಗಿರಾಕಿ ಕಂಪನಿಗಳ ಎಂಜಿನಿಯರುಗಳ ನೆನಪು ಒಬ್ಬೊಬ್ಬರದಾಗಿ ಮರುಕಳಿಸಿತು. ಅವರೊಡನೆ ಇಡೀ ದಿನ ನಿಂತು ಎರಕ ತಿರುವಿ ತೋರಿಸಿದ್ದೆ, ವಾದ ಮಾಡಿದ್ದೆ, ಕೆಲವರು ನಮ್ಮ ಲಾಟನ್ನೇ ತಿರಸ್ಕರಿಸಿ ಹೋಗಿದ್ದರು. ಅವರು ನನ್ನ ಸ್ನೇಹಿತರಲ್ಲ. ಆದರೆ ನನ್ನ ಕೆಲಸವನ್ನು ಕಣ್ಣಾರೆ ಕಂಡ ಹೊರಗಿನವರು ಅವರಷ್ಟೇ. ಪುಸ್ತಕದಲ್ಲಿದ್ದ ಫೋನ್ ನಂಬರುಗಳನ್ನು ಬಳಸುವುದು ಸರಿಯಲ್ಲವೆನಿಸಿತು. ಹೆಸರುಗಳನ್ನು ನೆನಪಿಟ್ಟುಕೊಂಡು ಹುಡುಕಿದೆ. ಹದಿನಾರು ಮಂದಿ ಸಿಕ್ಕರು, ಬಹುತೇಕರು ಅಷ್ಟರಲ್ಲಿ ಕಂಪನಿ ಬದಲಿಸಿದ್ದರು.

ಈ ಸಂಗತಿಗೆ ಒಂದು ಶಾಸ್ತ್ರವಿದೆ ಎಂದು ನನಗೆ ಆಮೇಲೆ ತಿಳಿಯಿತು. ಹೊಸ ಕೆಲಸದ ಸುಳಿವು ಆಪ್ತರಿಗಿಂತ ದೂರದ ಪರಿಚಿತರಿಂದ ಬರುವುದು ಹೆಚ್ಚು ಎಂಬ ವಾದವನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೋವೆಟರ್ 1973ರಲ್ಲಿಯೇ ಮುಂದಿಟ್ಟಿದ್ದರು. ಲಿಂಕ್ಡ್‌ಇನ್‌ನ ಎರಡು ಕೋಟಿ ಬಳಕೆದಾರರ ಐದು ವರ್ಷಗಳ ಮಾಹಿತಿಯನ್ನು ಆಧರಿಸಿದ ಅಧ್ಯಯನವೊಂದು 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಗಿ, ತೀರಾ ದೂರದವರೂ ಅಲ್ಲದ, ತೀರಾ ಹತ್ತಿರದವರೂ ಅಲ್ಲದ ನಡುವಿನ ಪರಿಚಯಗಳೇ ಹೆಚ್ಚು ಉಪಯುಕ್ತವೆಂದು ತೋರಿಸಿತು. ಕಂಪ್ಯೂಟರಿನ ಬಳಕೆ ಹೆಚ್ಚಿರುವ ಉದ್ಯಮಗಳಲ್ಲಿ ದೂರದ ಪರಿಚಯ ಫಲಿಸಿದರೆ, ಅದು ಕಡಿಮೆಯಿರುವ ಉದ್ಯಮಗಳಲ್ಲಿ ಗಟ್ಟಿ ನಂಟೇ ಹೆಚ್ಚು ಫಲಿಸುತ್ತದೆ ಎಂಬ ಮಾತೂ ಅದರಲ್ಲಿದೆ. ಫೌಂಡ್ರಿ ಖಂಡಿತ ಎರಡನೆಯ ಬಗೆಯದು. ಆದರೂ ನನ್ನ ಪಾಲಿಗೆ ಆದದ್ದು ನಡುವಿನ ದಾರಿ. ಅಪರಿಚಿತ ಎಚ್‌ಆರ್‌ನವರು ನನಗೆ ತೀರಾ ದೂರವಾಗಿದ್ದರು, ಚಹಾ ಅಂಗಡಿಯ ಗೆಳೆಯರಿಗೆ ನನಗೆ ತಿಳಿದಷ್ಟೇ ತಿಳಿದಿತ್ತು.

ಆ ಹದಿನಾರು ಮಂದಿಗೆ ಕಳಿಸಿದ ರಿಕ್ವೆಸ್ಟಿನ ಜೊತೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಟಿಪ್ಪಣಿ ಬರೆದೆ. ಆಗ ಅದಕ್ಕೆ ಮುನ್ನೂರು ಅಕ್ಷರಗಳ ಮಿತಿ ಇತ್ತು. ಯಾವ ವರ್ಷ ಬಂದಿದ್ದರು, ಯಾವ ಭಾಗದ ಯಾವ ದೋಷ ನೋಡಿದ್ದರು, ಅವರು ಹೇಳಿಹೋದ ಯಾವ ಮಾತನ್ನು ನಾವು ಜಾರಿಗೆ ತಂದೆವು ಎಂಬಷ್ಟನ್ನೇ ಬರೆದೆ, ಕೆಲಸ ಕೇಳಲಿಲ್ಲ. ಹನ್ನೊಂದು ಜನ ಒಪ್ಪಿಕೊಂಡರು, ಏಳು ಜನ ಮರುತ್ತರ ಬರೆದರು. ನಮ್ಮ ಲಾಟನ್ನು ತಿರಸ್ಕರಿಸಿದ್ದ ಪುಣೆಯ ಎಂಜಿನಿಯರೇ ಎಲ್ಲರಿಗಿಂತ ಮೊದಲು ಬರೆದರು. ನಾನು ಅವರಿಗೆ ಕೇಳಿದ ಪ್ರಶ್ನೆ ಒಂದೇ: ಹೊಸ ಫೌಂಡ್ರಿಗೆ ಕಾಲಿಟ್ಟಾಗ ಮೊದಲ ಹತ್ತು ನಿಮಿಷದಲ್ಲಿ ನೀವು ಏನನ್ನು ನೋಡುತ್ತೀರಿ? ಬರೆದರೆ ಉದ್ದವಾಗುತ್ತದೆ ಎಂದು ಅವರೇ ಒಂದು ಭಾನುವಾರ ಫೋನ್ ಮಾಡಿ, ಆಫೀಸಿನ ಚಾರ್ಟುಗಳನ್ನಲ್ಲ, ಹಿಂದುಗಡೆ ಗುಡ್ಡೆ ಹಾಕಿದ ರಿಜೆಕ್ಟ್ ಮಾಲನ್ನು ಮೊದಲು ನೋಡುತ್ತೇನೆ, ಅದರ ಮೇಲೆ ದೋಷದ ಗುರುತೂ ತಾರೀಖೂ ಇದ್ದರೆ ಆ ಕಾರ್ಖಾನೆಯನ್ನು ಅರ್ಧ ನಂಬುತ್ತೇನೆ ಎಂದು ವಿವರಿಸಿದರು. ಐಎಟಿಎಫ್ ಆಂತರಿಕ ಆಡಿಟರ್ ತರಬೇತಿ ಮಾಡಿಕೊಳ್ಳದೆ ಆ ಬದಿಗೆ ದಾಟುವುದು ಕಷ್ಟವೆಂದು ಹೇಳಿದವರೂ ಅವರೇ. ಆ ತರಬೇತಿಯನ್ನು ನನ್ನ ಸ್ವಂತ ದುಡ್ಡಿನಲ್ಲಿ ಅದೇ ವರ್ಷ ಮುಗಿಸಿದೆ.

ಕಾಲೇಜುಗಳ ಪುಟದಲ್ಲಿ ಹಳೆಯ ವಿದ್ಯಾರ್ಥಿಗಳನ್ನು ಊರು ಮತ್ತು ಕೆಲಸದ ಪ್ರಕಾರ ಸೋಸಿ ನೋಡುವ ವ್ಯವಸ್ಥೆಯೂ ಇದೆ. ನನ್ನ ಪಾಲಿಟೆಕ್ನಿಕ್ಕಿನಲ್ಲಿ ಓದಿ ಇದೇ ಕ್ಷೇತ್ರದಲ್ಲಿದ್ದ ಹಿರಿಯರೊಬ್ಬರು ಹಾಗೆ ಸಿಕ್ಕರು. ನಾನು ಇಂಗ್ಲಿಷಿನಲ್ಲಿ ಬಹಳ ಬಿಗಿಯಾಗಿ ಬರೆದ ಪತ್ರಕ್ಕೆ ಅವರಿಂದ ಬಂದ ಉತ್ತರ, "ಯಾವ ಬ್ಯಾಚ್‌ರೀ ನೀವು? ವರ್ಕ್‌ಶಾಪಿನ್ಯಾಗ ಆ ಹಳೇ ಲೇತ್ ಇನ್ನೂ ಐತೇನ್ರೀ?" ಎಂಬುದಾಗಿತ್ತು. ಸಂದರ್ಶನದ ತಯಾರಿಗೆ ಅವರು ಕೊಟ್ಟ ಎರಡು ಸಂಜೆಗಳ ಋಣ ಇನ್ನೂ ತೀರಿಲ್ಲ.

ಬರೆಯುವ ಅಭ್ಯಾಸವನ್ನೂ ಆಗಲೇ ಆರಂಭಿಸಿದೆ, ಎರಡು ಭಾನುವಾರಕ್ಕೊಮ್ಮೆ, ಒಂದು ಎರಕ ದೋಷದ ಬಗ್ಗೆ. ಅಲ್ಲಿ ಹೆಚ್ಚು ಓಡುವುದು ಹೆಮ್ಮೆಯ ಘೋಷಣೆಗಳು ಮತ್ತು ಕಣ್ಣೀರಿನ ಕಥೆಗಳು, ಎರಡೂ ನನ್ನಿಂದಾಗದು. ಬ್ಲೋ ಹೋಲ್ ಮತ್ತು ಶ್ರಿಂಕೇಜ್‌ಗಳನ್ನು ಬರಿಗಣ್ಣಿನಲ್ಲಿ ಹೇಗೆ ಬೇರ್ಪಡಿಸಬಹುದು ಎಂದು ಬರೆದೆ: ಅನಿಲ ಸಿಕ್ಕಿಬಿದ್ದು ಆದ ತೂತಿನ ಒಳಗೋಡೆ ನುಣುಪಾಗಿರುತ್ತದೆ, ದಪ್ಪ ಭಾಗಕ್ಕೆ ಕೊನೆಯಲ್ಲಿ ದ್ರವಲೋಹ ಸಾಲದೆ ಆದ ತೂತಿನ ಗೋಡೆ ಒರಟಾಗಿರುತ್ತದೆ, ಮೊದಲನೆಯದಕ್ಕೆ ಮರಳನ್ನೂ ಎರಕದ ಟೊಳ್ಳು ಭಾಗಕ್ಕಾಗಿ ಅಚ್ಚಿನೊಳಗಿಡುವ ಕೋರನ್ನೂ ನೋಡಬೇಕು, ಎರಡನೆಯದಕ್ಕೆ ದ್ರವಲೋಹ ಒದಗಿಸುವ ರೈಸರನ್ನು. ಬೆಳಗಾವಿಯ ಜಡಿಮಳೆಯಲ್ಲಿ, ಎರಕವನ್ನು ಬೇಗ ತಂಪಾಗಿಸಲು ಅಚ್ಚಿನೊಳಗಿಡುವ ಲೋಹದ ಚಿಲ್‌ಗಳು ಬೆವೆತು ಬ್ಲೋ ಹೋಲ್ ಹೆಚ್ಚುವುದನ್ನೂ, ಅವುಗಳನ್ನು ಬಿಸಿ ಮಾಡಿ ಇಡುವುದರಿಂದ ನಮಗಾದ ಲಾಭವನ್ನೂ ಇನ್ನೊಮ್ಮೆ ಬರೆದೆ. ಅದಕ್ಕೆ ಬಂದ ಮೆಚ್ಚುಗೆ ಇಪ್ಪತ್ತಮೂರು. ಆ ಇಪ್ಪತ್ತಮೂರರಲ್ಲಿ ಹದಿನೈದು ಮಂದಿ ಫೌಂಡ್ರಿಯವರು ಇಲ್ಲವೇ ಎರಕ ಕೊಳ್ಳುವವರಾಗಿದ್ದರು ಎಂಬುದೇ ನನಗೆ ಮುಖ್ಯವಾಯಿತು.

ನಡುವೆ ಕೊಲ್ಲಿ ದೇಶದ ಕೆಲಸವೊಂದರ ಆಮಿಷವೂ ಬಂದಿತ್ತು. ಸಂದರ್ಶನವೇ ಇಲ್ಲದೆ ನೇಮಕಾತಿ ಪತ್ರ ಕಳಿಸಿ ವೀಸಾ ಖರ್ಚಿಗೆ ಹಣ ಕೇಳಿದರು. ಕಳಿಸಿದವರ ಖಾತೆಗೆ ಎರಡು ತಿಂಗಳೂ ತುಂಬಿರಲಿಲ್ಲ. ದೂರು ಒತ್ತಿ ಮರೆತೆ.

2022ರ ಜುಲೈನಲ್ಲಿ ಬೆಂಗಳೂರಿನಿಂದ ಒಂದು ಸಂದೇಶ ಬಂತು. ಬರೆದವರು ಪುಣೆಯ ಆ ಎಂಜಿನಿಯರ ಹಳೆಯ ಸಹೋದ್ಯೋಗಿ. ಎರಕ ಬಲ್ಲವರಿಗಾಗಿ ಹುಡುಕುತ್ತಿದ್ದಾಗ ನನ್ನ ಹೆಸರು ಬಂದಿತ್ತು, ಅದರ ಕೆಳಗೆ ನಮ್ಮಿಬ್ಬರಿಗೂ ಪರಿಚಿತರಾದ ಪುಣೆಯ ಎಂಜಿನಿಯರ ಹೆಸರೂ ಕಂಡಿತ್ತು, ಇವರು ಅವರಿಗೆ ಫೋನ್ ಮಾಡಿ ನನ್ನ ಬಗ್ಗೆ ವಿಚಾರಿಸಿದ್ದರು. ಆ ಹುದ್ದೆ ಜಾಹೀರಾತಿನಲ್ಲಿ ಬಂದೇ ಇರಲಿಲ್ಲ. ಸಂದರ್ಶನದ ಮೊದಲ ಪ್ರಶ್ನೆಯೇ ಚಿಲ್ ಬಗ್ಗೆ ನಾನು ಬರೆದದ್ದರ ಮೇಲಿತ್ತು: ಬಿಸಿ ಮಾಡಿದ ಚಿಲ್ ತನ್ನ ತಂಪು ಮಾಡುವ ಕೆಲಸವನ್ನೇ ಮರೆಯುವುದಿಲ್ಲವೇ? ತೇವ ಹೋಗುವಷ್ಟು ಮಾತ್ರ ಬಿಸಿ, ಇಟ್ಟ ಮೇಲೆ ತಡಮಾಡದೆ ಹೊಯ್ಯಬೇಕು ಎಂದು ಆರಂಭಿಸಿದ ಮಾತು ನಲವತ್ತು ನಿಮಿಷ ನಡೆಯಿತು. ಎರಡು ತಿಂಗಳ ನೋಟಿಸ್ ಅವಧಿ ಮುಗಿಸಿ, ಮಾಲೀಕರ ಕೈಯಿಂದಲೇ ಪೇಟ ತೊಡಿಸಿಕೊಂಡು ಹೊರಟೆ.

ಈಗ ಆಡಿಟ್‌ಗೆ ಹೋಗುವವನು ನಾನು. ಕಳೆದ ಮಳೆಗಾಲದಲ್ಲಿ ಕೊಲ್ಹಾಪುರದ ಶಿರೋಲಿಯ ಫೌಂಡ್ರಿಯೊಂದರಲ್ಲಿ ಒಂದು ಲಾಟನ್ನು ತಡೆಹಿಡಿದು ಬಂದ ರಾತ್ರಿ, ಅಲ್ಲಿ ದಿನವಿಡೀ ನನ್ನೊಡನೆ ವಾದ ಮಾಡಿದ್ದ ಹುಡುಗನಿಂದ ಟಿಪ್ಪಣಿಯಿಲ್ಲದ ರಿಕ್ವೆಸ್ಟ್ ಬಂದಿತ್ತು. ಒಪ್ಪಿಕೊಂಡು, ಆ ಲಾಟಿನಲ್ಲಿ ದೋಷ ಕಂಡ ಹದಿನೆಂಟು ಎರಕಗಳ ತೂತಿನ ಒಳಗೋಡೆ ನುಣುಪಾಗಿತ್ತೋ ಒರಟಾಗಿತ್ತೋ ನೋಡಿದಿರಾ ಎಂದು ಕೇಳಿ ಬರೆದೆ. ಬೆಳಿಗ್ಗೆ ಆರಕ್ಕೆ ಉತ್ತರ ಬಂತು, ಒಂದನ್ನು ಕತ್ತರಿಸಿ ನೋಡಿದ್ದಾನೆ.